ಹಟ್ಟಿಯ ನೆನಪು, ಮನೆಯ ನಕ್ಷೆ: ಕಂಬಂ ಕಣಿವೆಯಲ್ಲಿ ಹೊಸದಾಗಿ ಕಟ್ಟುವ ಬಗೆ

ಆಂಡಿಪಟ್ಟಿ, ಸುರುಳಿಪಟ್ಟಿ, ರಾಯಪ್ಪನ್‌ಪಟ್ಟಿ, ಕಾಮಯಗೌಂಡನ್‌ಪಟ್ಟಿ - ತಮಿಳುನಾಡಿನ ತೇನಿ ಜಿಲ್ಲೆಯ ನಕಾಶೆಯಲ್ಲಿ ಇಂಥ ಹೆಸರುಗಳಿಗೆ ಬರವಿಲ್ಲ. ತಮಿಳಿನ ‘ಪಟ್ಟಿ’ಯೂ ಕನ್ನಡದ ‘ಹಟ್ಟಿ’ಯೂ ಒಂದೇ ಮಾತು, ಪಕಾರ ಹಕಾರವಾದದ್ದಷ್ಟೇ ಭೇದ. ಎರಡು ಭಾಷೆಗಳಲ್ಲಿಯೂ ಈ ಪದಕ್ಕೆ ದನಕುರಿಗಳನ್ನು ಕೂಡುವ ಆವರಣ ಎಂಬ ಅರ್ಥವೂ ಊರು ಎಂಬ ಅರ್ಥವೂ ಉಂಟು. ದನ ನಿಂತ ಜಾಗದ ಸುತ್ತ ಜನ ನಿಂತರು, ಜನ ನಿಂತುದರಿಂದ ಊರಾಯಿತು ಎಂಬ ಕ್ರಮ ಆ ಒಂದೇ ಪದದಲ್ಲಿ ಅಡಕವಾಗಿದೆ. ಈ ಕಣಿವೆಯ ಅಂಚಿನಲ್ಲಿ ಇಂದು ಏಳುತ್ತಿರುವ ಹೊಸ ಮನೆಗಳನ್ನೂ ಅವುಗಳನ್ನು ನಿಯಂತ್ರಿಸಲೆಂದು ರೂಪುಗೊಂಡ ನಿಯಮಗಳನ್ನೂ ಪರಿಶೀಲಿಸುವಾಗ ಈ ಕ್ರಮವನ್ನು ಮರೆಯಲಾಗದು. ಏಕೆಂದರೆ ಎರಡೂ ಅದನ್ನು ತಲೆಕೆಳಗು ಮಾಡಿವೆ: ಮೊದಲು ಕಟ್ಟಡ, ಆಮೇಲೆ ಅದಕ್ಕೊಪ್ಪುವ ‘ಪರಿಸರ’.

ಕಂಬಂ ಕಣಿವೆಯಲ್ಲಿಯೂ ದಿಂಡಿಗಲ್ ಸೀಮೆಯಲ್ಲಿಯೂ ಕಪ್ಪಿಲಿಯರ್, ಅನುಪ್ಪರ್, ಒಕ್ಕಲಿಗರ್ ಎಂಬ ಹೆಸರುಗಳಿಂದ ಕರೆಯಲ್ಪಡುವ ಕನ್ನಡ ಮನೆಮಾತಿನ ಕೃಷಿಕ ಸಮುದಾಯಗಳು ಹಲವು ಶತಮಾನಗಳಿಂದ ನೆಲೆಸಿವೆ. 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಮಧುರಾ ಜಿಲ್ಲಾ ಗ್ಯಾಸೆಟಿಯರಿನಲ್ಲಿಯೂ 1909ರಲ್ಲಿ ಹೊರಬಂದ ಎಡ್ಗರ್ ಥರ್ಸ್ಟನ್ನರ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿಯೂ ಇವರ ಉಲ್ಲೇಖವಿದೆ. ಉತ್ತರದಿಂದ ವಲಸೆ ಬಂದ ಕಥೆ, ಕಂಬಂನ ದೇವರ ದನಗಳ ಮಂದೆ, ಆ ಮಂದೆಗೊಂದು ‘ಪಟ್ಟದ’ ಹೋರಿ, ಅದು ಸತ್ತಾಗ ಮಂದೆಯ ಮುಂದೆ ಕಬ್ಬಿನ ಕಟ್ಟನ್ನಿಟ್ಟು ಮೊದಲು ಬಾಯಿ ಹಾಕಿದ ಹೋರಿಯನ್ನೇ ಮುಂದಿನ ಪಟ್ಟಕ್ಕೆ ಆರಿಸುವ ಪದ್ಧತಿ - ಇವೆಲ್ಲ ಆ ಕಾಲದ ಅಧಿಕಾರಿಗಳ ಕುತೂಹಲವನ್ನು ಕೆರಳಿಸಿದ್ದವು. ಆದರೆ ಆ ಜನ ಎಂಥ ಮನೆಗಳಲ್ಲಿದ್ದರು, ಮನೆಗೂ ಮಂದೆಗೂ ನಡುವೆ ಎಷ್ಟು ದೂರವಿತ್ತು ಎಂಬುದು ಅವರ ಗಮನ ಸೆಳೆದಂತಿಲ್ಲ. ಜನಾಂಗ ವಿವರಣೆಯ ಆ ಬರವಣಿಗೆಗೆ ಆಚರಣೆ ಮುಖ್ಯವಾಗಿತ್ತು, ವಾಸವಲ್ಲ. ಇಂದಿನ ನಿಯಮಾವಳಿಗಳಲ್ಲಿ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ: ಅಲ್ಲಿ ಕಟ್ಟಡವಿದೆ, ವಾಸವಿಲ್ಲ.

ಕಣಿವೆಯನ್ನು ಸುತ್ತುವರಿದ ಬೆಟ್ಟಗಳಿಗೆ ರಕ್ಷಣೆಯ ಪದರಗಳು ಒಂದರ ಮೇಲೊಂದು ಬಂದಿವೆ. ತಮಿಳುನಾಡು ಸರ್ಕಾರ 1990ರಲ್ಲಿ ರಚಿಸಿದ ಬೆಟ್ಟಪ್ರದೇಶ ಸಂರಕ್ಷಣಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದ ಗ್ರಾಮಗಳಲ್ಲಿ ಮನೆ, ಬಡಾವಣೆಗಳಿಗೆ ಅನುಮತಿ ಬೇಕಾದರೆ ಅರಣ್ಯ, ಕೃಷಿ ಎಂಜಿನಿಯರಿಂಗ್, ಭೂವಿಜ್ಞಾನ ಮತ್ತು ಗಣಿ ಇಲಾಖೆಗಳ ಅಭಿಪ್ರಾಯಗಳು ಅಗತ್ಯ. 2009ರಲ್ಲಿ ಮೇಘಮಲೆ ವನ್ಯಜೀವಿ ಧಾಮ ಘೋಷಿತವಾಯಿತು. 2021ರ ಫೆಬ್ರವರಿಯಲ್ಲಿ ಅದು ಶ್ರೀವಿಲ್ಲಿಪುತ್ತೂರು ಧಾಮದೊಡನೆ ಸೇರಿ 1016 ಚದರ ಕಿಲೋಮೀಟರು ವಿಸ್ತಾರದ ಹುಲಿ ಸಂರಕ್ಷಿತ ಪ್ರದೇಶವಾಯಿತು. ಪಕ್ಕದ ದಿಂಡಿಗಲ್ ಜಿಲ್ಲೆಯಲ್ಲಿ ಕೊಡೈಕನಾಲ್ ವನ್ಯಜೀವಿ ಧಾಮ 2013ರಲ್ಲಿ ಬಂದಿತು.

ಈ ಸೀಮೆಯಲ್ಲಿ ಕಟ್ಟಡ ನಿಯಮಗಳ ಬಗೆಗಿನ ಸಾರ್ವಜನಿಕ ತಿಳಿವಳಿಕೆ ರೂಪುಗೊಂಡದ್ದು ಬಹುಮಟ್ಟಿಗೆ ಕೊಡೈಕನಾಲಿನ ಪ್ಲೆಸೆಂಟ್ ಸ್ಟೇ ಹೋಟೆಲ್ ಪ್ರಕರಣದಿಂದ. ಎರಡಂತಸ್ತಿನ ಮಿತಿಯಿದ್ದ ಕಡೆ ಏಳಂತಸ್ತು ಎದ್ದುನಿಂತಿತು. ಸರ್ಕಾರ ವಿನಾಯಿತಿ ನೀಡಿತು. ಪಳನಿ ಬೆಟ್ಟಗಳ ಸಂರಕ್ಷಣಾ ಮಂಡಳಿ ನ್ಯಾಯಾಲಯದ ಮೆಟ್ಟಿಲೇರಿತು. 1995ರಲ್ಲಿ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ವಿನಾಯಿತಿ ನಿಲ್ಲಲಿಲ್ಲ. ಪರಿಸರ ಚಳವಳಿಗೆ ಅದು ದೊಡ್ಡ ಗೆಲುವು, ಸಂದೇಹವಿಲ್ಲ. ಆದರೆ ಅದರಿಂದ ಒಂದು ದೃಷ್ಟಿದೋಷವೂ ಉಳಿದುಕೊಂಡಿತು. ಬೆಟ್ಟದ ಕಟ್ಟಡವೆಂದರೆ ಎತ್ತರದ ಪ್ರಶ್ನೆ, ತಗ್ಗಾಗಿದ್ದರೆ ಸರಿ ಎಂಬ ತೀರ್ಮಾನ ಬೇರೂರಿತು. ಏಳು ಅಂತಸ್ತಿನ ಹೋಟೆಲೊಂದು ಕಣ್ಣಿಗೆ ರಾಚುತ್ತದೆ, ನಿಜ. ಆದರೆ ಹಳ್ಳದ ಪಾತ್ರವನ್ನು ಮುಚ್ಚಿ, ಮೇವಿನ ದಾರಿಗೆ ಬೇಲಿ ಹಾಕಿ, ಇಳಿಜಾರಿನ ಮೇಲ್ಮಣ್ಣನ್ನು ಜೆಸಿಬಿಯಿಂದ ಕೆತ್ತಿ ಕಟ್ಟಿದ ಒಂದಂತಸ್ತಿನ ಹತ್ತು ಮನೆಗಳು ಯಾರ ಕಣ್ಣಿಗೂ ರಾಚುವುದಿಲ್ಲ. ಹಸಿರು ಬಣ್ಣ ಬಳಿದಿದ್ದರಂತೂ ಪ್ರಶಂಸೆಯೇ ಸಿಗಬಹುದು.

ನಿಯಮದ ಇನ್ನೊಂದು ತುದಿ 2022ರ ಜೂನ್ 3ರ ಸರ್ವೋಚ್ಚ ನ್ಯಾಯಾಲಯದ ಆದೇಶದಲ್ಲಿ ಕಾಣುತ್ತದೆ. ರಕ್ಷಿತ ಅರಣ್ಯಗಳ ಗಡಿಯಿಂದ ಕನಿಷ್ಠ ಒಂದು ಕಿಲೋಮೀಟರು ಪರಿಸರ ಸೂಕ್ಷ್ಮ ವಲಯವಿರಬೇಕು, ಅದರೊಳಗೆ ಯಾವ ಉದ್ದೇಶಕ್ಕೂ ಹೊಸ ಶಾಶ್ವತ ಕಟ್ಟಡ ಕೂಡದು ಎಂದು ಅದು ಹೇಳಿತು. ರೆಸಾರ್ಟಿಗೂ ಕೊಟ್ಟಿಗೆಗೂ ಅಲ್ಲಿ ಅಂತರವಿರಲಿಲ್ಲ. 2023ರ ಏಪ್ರಿಲ್ 26ರಂದು ಅದೇ ನ್ಯಾಯಾಲಯ ಆದೇಶವನ್ನು ಮಾರ್ಪಡಿಸಿದಾಗ ಕೊಟ್ಟ ಕಾರಣಗಳಲ್ಲಿ, ಇಂಥ ವಲಯದ ಹಳ್ಳಿಯ ರೈತನೊಬ್ಬ ತನ್ನ ಇದ್ದ ಮನೆಯನ್ನೇ ಮತ್ತೆ ಕಟ್ಟಿಕೊಳ್ಳಲಾಗದ ಸ್ಥಿತಿಯೂ ಒಂದು. ಸುಮಾರು ಹನ್ನೊಂದು ತಿಂಗಳ ಈ ಅಂತರದಲ್ಲಿ ಬಯಲಾದದ್ದು ಕಾನೂನಿನ ಭಾಷೆಯ ಬಡತನ. ‘ಶಾಶ್ವತ ಕಟ್ಟಡ’ ಎಂಬ ಒಂದೇ ಪದಪುಂಜದಿಂದ ಕಾಡಂಚಿನ ಬದುಕನ್ನೆಲ್ಲ ಅಳೆಯಲು ಹೊರಟರೆ ಒಂದೋ ಎಲ್ಲವನ್ನೂ ನಿಷೇಧಿಸಬೇಕಾಗುತ್ತದೆ, ಇಲ್ಲವೇ ಎಲ್ಲವನ್ನೂ ಬಿಡಬೇಕಾಗುತ್ತದೆ.

ಈ ಎರಡರ ನಡುವೆ ನಿಲ್ಲುವ ಯೋಗ್ಯ ಪಠ್ಯವೊಂದಿದೆ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ವರದಿಯಲ್ಲಿ ಕಟ್ಟಡ ಸಂಹಿತೆಯ ಬಗ್ಗೆ ಕೆಲವೇ ಮಾತುಗಳನ್ನಾಡಿದೆ. ಉಕ್ಕು, ಸಿಮೆಂಟು, ಮರಳುಗಳ ಬಳಕೆ ಕನಿಷ್ಠವಾಗಿರಬೇಕು. ಮಳೆನೀರಿನ ಸಂಗ್ರಹ, ಅಸಾಂಪ್ರದಾಯಿಕ ಇಂಧನ, ಕೊಳೆನೀರಿನ ಸಂಸ್ಕರಣೆ ಇರಬೇಕು. ಮೇಲ್ಮಣ್ಣನ್ನೂ ಮರಗಳನ್ನೂ ಕಾಪಾಡಬೇಕು. ವಿವರಗಳನ್ನು ಸ್ಥಳೀಯ ಸಂಸ್ಥೆಗಳು ತಮ್ಮ ಪರಿಸ್ಥಿತಿಗೆ ತಕ್ಕಂತೆ ನಿರ್ಧರಿಸಬೇಕು ಎಂಬುದು ಅದರ ಸಾರ. ಕಟ್ಟಡದ ಹೊರರೂಪದ ಬಗ್ಗೆ ಮೌನ ವಹಿಸಿ ಅದರ ಒಡಲಿನ ಬಗ್ಗೆ ಮಾತನಾಡಿದ್ದು ಈ ವರದಿಯ ಹೆಚ್ಚುಗಾರಿಕೆ. ವರದಿಯ ವಿರುದ್ಧ ಘಟ್ಟದ ಎರಡೂ ಮಗ್ಗುಲಲ್ಲಿ ಎದ್ದ ಗದ್ದಲದಲ್ಲಿ ಈ ಭಾಗವನ್ನು ಯಾರೂ ಗಂಭೀರವಾಗಿ ಚರ್ಚಿಸಲಿಲ್ಲವೆಂಬುದು ವಿಷಾದದ ಸಂಗತಿ. ಹಾಗೆಂದು ಅದು ಪೂರ್ಣವೆನ್ನಲಾಗದು. ಮನೆ ಯಾವುದರಿಂದ ಎಂಬುದಕ್ಕೆ ಅಲ್ಲಿ ಉತ್ತರವಿದೆ. ಮನೆ ಎಲ್ಲಿ, ಯಾವುದರ ಪಕ್ಕ ಎಂಬುದಕ್ಕೆ ಇಲ್ಲ. ಆ ಉತ್ತರವನ್ನು ಸ್ಥಳದಿಂದಲೇ ಪಡೆಯಬೇಕು.

ಸ್ಥಳವೆಂದರೆ ಇಲ್ಲಿ ಎರಡು. ಸಾವಿರದ ಐನೂರು ಮೀಟರು ಎತ್ತರದಲ್ಲಿ ಚಹಾ ತೋಟಗಳ ಮೇಘಮಲೆ ಮಳೆಯಲ್ಲಿ ನೆನೆಯುತ್ತಿರುವಾಗ ಕೆಳಗಿನ ಕಣಿವೆ ಘಟ್ಟದ ಮಳೆನೆರಳಿನಲ್ಲಿ ಒಣಗಿರುತ್ತದೆ. ನೈಋತ್ಯ ಮಾರುತ ಅದಕ್ಕೆ ಕೊಡುವುದು ನೀರಿಗಿಂತ ಹೆಚ್ಚಾಗಿ ಗಾಳಿ. ಕನ್ನಡದ ಓದುಗನಿಗೆ ಇದನ್ನು ತಿಳಿಸುವುದು ಸುಲಭ: ಮಲೆನಾಡಿನ ಬುಡಕ್ಕೇ ಬಯಲುಸೀಮೆ ತಂದಿಟ್ಟಂತೆ. ಕನ್ನಡ ನಾಡಿನ ಮನೆಗಳಲ್ಲಿ ಈ ಎರಡು ಹವೆಗಳಿಗೂ ಬೇರೆಬೇರೆ ಉತ್ತರಗಳಿವೆ. ಮಲೆನಾಡಿಗೆ ಕಡಿದಾದ ಮಾಡು, ಉದ್ದನೆಯ ಸೂರು. ಚಿತ್ರದುರ್ಗ, ಬಳ್ಳಾರಿಗಳ ಒಣನೆಲಕ್ಕೆ ದಪ್ಪ ಗೋಡೆಯ, ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಒಂದನ್ನು ಇನ್ನೊಂದರ ಜಾಗದಲ್ಲಿ ಕಟ್ಟುವ ತಪ್ಪನ್ನು ಹಳ್ಳಿಯ ಗಾರೆಯವನು ಮಾಡುತ್ತಿರಲಿಲ್ಲ.

ಆ ತಪ್ಪನ್ನು ಇಂದು ಮಾಡುತ್ತಿರುವುದು ‘ನಿಸರ್ಗದ ಮಡಿಲಿನ ಮನೆ’ ಎಂಬ ಕಲ್ಪನೆ. ಆಂಗ್ಲ ಅಕ್ಷರ ‘ಎ’ಯ ಆಕಾರದ, ಮುಂಬದಿಯೆಲ್ಲ ಗಾಜಿರುವ, ಚಾವಣಿಯೇ ಗೋಡೆಯಾದ ಮನೆ ಕೊಡೈಕನಾಲಿನ ಸುತ್ತ ಪ್ರವಾಸಿಗರಿಗೆ ಪ್ರಿಯವಾಗಿದೆ. ಹಿಮ ಜಾರಿ ಬೀಳಲೆಂದು ಶೀತದೇಶಗಳಲ್ಲಿ ಹುಟ್ಟಿದ ಈ ಆಕಾರಕ್ಕೆ ಎರಡು ಸಾವಿರ ಮೀಟರಿನ ಚಳಿಯಲ್ಲಿ ಒಂದಿಷ್ಟು ಸಮರ್ಥನೆ ಸಿಕ್ಕೀತು. ಅದೇ ಆಕಾರ ಕಣಿವೆಯ ದ್ರಾಕ್ಷಿ ತೋಟದ ಅಂಚಿಗೆ ಇಳಿದು ಬಂದರೆ ಬಿಸಿಲಿನ ಪೆಟ್ಟಿಗೆಯಾಗುತ್ತದೆ, ಹವಾನಿಯಂತ್ರಕದ ಗಿರಾಕಿಯಾಗುತ್ತದೆ. ಗಾಜು ಯಾವ ಕಡೆಗೆ ಮುಖ ಮಾಡುತ್ತದೆ ಎಂಬುದೂ ಗಮನಾರ್ಹ. ಬೆಟ್ಟದ ನೋಟ ಬೇಕೆಂದು ಪಶ್ಚಿಮಕ್ಕೆ ತೆರೆದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಂಬಂ ಕಣಿವೆಯ ಇಕ್ಕಟ್ಟಿನಿಂದ ನುಗ್ಗುವ ಗಾಳಿಗೂ ಇಳಿಹೊತ್ತಿನ ಬಿಸಿಲಿಗೂ ಏಕಕಾಲಕ್ಕೆ ಎದೆಯೊಡ್ಡಿದಂತೆ. ಆಂಡಿಪಟ್ಟಿಯ ಆಸುಪಾಸಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಆ ಗಾಳಿಯನ್ನು ನಂಬಿಯೇ. ಗಾಳಿಯಂತ್ರ ಹೂಡುವವರಿಗೆ ತಿಳಿದದ್ದು ಮನೆ ಹೂಡುವವರಿಗೆ ತಿಳಿಯದಿರುವುದು ವಿಚಿತ್ರ. ಈ ನೆಲದಲ್ಲಿ ಪಶ್ಚಿಮದ ಗೋಡೆ ದಪ್ಪವಾಗಿ, ಕಿಂಡಿ ಚಿಕ್ಕದಾಗಿ, ಜಗಲಿ ಪೂರ್ವಕ್ಕೆ ತೆರೆದಿರುವುದು ವಾಸ್ತುವಿನ ನಂಬಿಕೆಯಾಗಬೇಕಿಲ್ಲ, ಲೆಕ್ಕಾಚಾರವೇ ಸಾಕು.

ಸಾಮಗ್ರಿಯ ವಿಷಯದಲ್ಲಿ ಮೋಸ ಇನ್ನೂ ಸೂಕ್ಷ್ಮ. ‘ಭೂದೃಶ್ಯಕ್ಕೆ ಹೊಂದುವಂತೆ’ ಎಂದು ಕಾಂಕ್ರೀಟು ಚೌಕಟ್ಟಿನ ಮನೆಯ ಹೊರಮೈಗೆ ಕಲ್ಲಿನ ಹಲ್ಲೆಗಳನ್ನು ಅಂಟಿಸುವ ರೂಢಿ ಬಂದಿದೆ. ಕಾಂಕ್ರೀಟಿನ ಜಲ್ಲಿ, ಎಂ-ಸ್ಯಾಂಡ್, ಅಂಟಿಸಿದ ಕಲ್ಲು, ಮೂರೂ ಎಲ್ಲೋ ಒಂದು ಗುಡ್ಡವನ್ನು ಒಡೆದು ತಂದವು. ಒಂದು ಬೆಟ್ಟದ ನೋಟಕ್ಕೆ ಒಪ್ಪಲೆಂದು ಇನ್ನೊಂದು ಬೆಟ್ಟವನ್ನು ಇಲ್ಲವಾಗಿಸುವ ಈ ವ್ಯವಹಾರ ಗಾಡ್ಗೀಳ್ ವರದಿಯ ಅಳತೆಯಲ್ಲಿ ಸೋಲುತ್ತದೆ, ಆದರೆ ಹೊರನೋಟ ಮಾತ್ರ ನೋಡುವ ಯಾವ ನಿಯಮದಲ್ಲಿಯೂ ಸುಲಭವಾಗಿ ತೇರ್ಗಡೆಯಾಗುತ್ತದೆ. ಸುಟ್ಟ ಇಟ್ಟಿಗೆಯೂ ನಿರಪರಾಧಿಯಲ್ಲ; ಅದಕ್ಕೆ ಗದ್ದೆಯ ಮಣ್ಣು ಬೇಕು, ಉರುವಲು ಬೇಕು.

ಇಲ್ಲಿ ಬೆಂಗಳೂರಿನ ಅನುಭವವೊಂದು ಉಪಯುಕ್ತ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಗಟ್ಟಿಗೊಳಿಸುವ ಇಟ್ಟಿಗೆಯನ್ನು ರೂಢಿಗೆ ತಂದರು. ಪಾಯ ತೋಡಿದ ಮಣ್ಣೇ ಗೋಡೆಯಾಗಬಲ್ಲದು. ಕಣಿವೆಯ ಅಂಚಿನ ಕೆಂಪು ಮರಳುಮಣ್ಣು ಇದಕ್ಕೆ ಒದಗುತ್ತದೆ. ಹಿಗ್ಗಿ ಕುಗ್ಗುವ ಎರೆಮಣ್ಣು ಹಾಗೆಯೇ ಒದಗದು. ಘಟ್ಟದ ಆಚೆ, ಇಡುಕ್ಕಿಯ ವಾಗಮಣ್ಣಿನಲ್ಲಿ ಕೆಲವು ವರ್ಷ ನೆಲೆಸಿ ಆಮೇಲೆ ತಿರುವನಂತಪುರಕ್ಕೆ ಹೋದ ಲಾರಿ ಬೇಕರ್ ಅವರ ಮಾದರಿ ಹೆಚ್ಚು ಪ್ರಸಿದ್ಧ. ಸುಮಾರು ಕಾಲುಭಾಗ ಇಟ್ಟಿಗೆ ಉಳಿಸುವ ಅವರ ಪೊಳ್ಳುಗೋಡೆಯ ಕಟ್ಟಣೆ ಇಲ್ಲಿಯೂ ಸಲ್ಲುತ್ತದೆ. ಅವರ ಜಾಲರಿ ಗೋಡೆ ಮಾತ್ರ ಸಲ್ಲದು. ಕೇರಳದ ತೇವದ ಸೆಕೆಯಲ್ಲಿ ಗಾಳಿಯಾಡಲೆಂದು ಹುಟ್ಟಿದ ಆ ಜಾಲರಿ ಕಂಬಂನಲ್ಲಿ ಧೂಳನ್ನೂ ಒಣಗಾಳಿಯನ್ನೂ ಒಳಗೆ ಕರೆಯುತ್ತದೆ. ಬೇಕರ್ ಶೈಲಿಯೆಂದು ಅದನ್ನೇ ಎಲ್ಲೆಡೆ ನಕಲು ಮಾಡುವವರು ಬೇಕರರಿಂದ ಕಲಿಯಬೇಕಾದದ್ದನ್ನು ಬಿಟ್ಟು ತೋರಿಕೆಯನ್ನು ಹಿಡಿದಿದ್ದಾರೆ. ಸ್ಥಳವನ್ನು ನೋಡಿ ಕಟ್ಟುವುದು ಆತನ ಶೈಲಿ, ಜಾಲರಿಯಲ್ಲ.

ಮನೆ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಗೆ ಕಣಿವೆಯ ನೀರು ಉತ್ತರ ಕೊಡುತ್ತದೆ. 1895ರಲ್ಲಿ ಪೆನ್ನಿಕ್ವಿಕ್ಕನ ಪೆರಿಯಾರ್ ಅಣೆಕಟ್ಟು ಪೂರ್ಣಗೊಂಡು ಪಶ್ಚಿಮಕ್ಕೆ ಹರಿಯುತ್ತಿದ್ದ ನೀರು ಸುರಂಗದ ಮೂಲಕ ಪೂರ್ವಕ್ಕೆ ತಿರುಗಿದ ಮೇಲೆ ಕಂಬಂ ಕಣಿವೆಯ 14,707 ಎಕರೆ ಇಬ್ಬೆಳೆಯ ಭತ್ತದ ಗದ್ದೆಗಳು ಅದನ್ನು ನೆಚ್ಚಿಕೊಂಡಿವೆ. ಗದ್ದೆ ಬಯಲಿಗಿಂತ ತುಸು ಎತ್ತರದಲ್ಲಿ, ಬೆಳೆಗೆ ಒದಗದ ನೆಲದಲ್ಲಿ ಮನೆಗಳು ಒತ್ತೊತ್ತಾಗಿ ನಿಲ್ಲುವುದು ಇಂಥ ಊರಿನ ಹಳೆಯ ಜಾಣ್ಮೆ: ಗೋಡೆ ಗೋಡೆಗೆ ನೆರಳು, ಓಣಿ ಓಣಿಗೆ ತಂಪು, ಉಳಿದ ನೆಲವೆಲ್ಲ ಬೆಳೆಗೆ. ಗ್ರಾಮಾಂತರದ ಒಂಟಿ ಮನೆಯೆಂಬ ಹೊಸ ಆಸೆ ಇದನ್ನು ಒಡೆಯುತ್ತದೆ. ಸುರುಳಿಪಟ್ಟಿ, ಕಾಮಯಗೌಂಡನ್‌ಪಟ್ಟಿಗಳ ಸುತ್ತಿನ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಆ ಹೆಸರು ಹಣ್ಣನ್ನು ಕಾಯುತ್ತದೆಯೇ ಹೊರತು ಚಪ್ಪರದ ಕೆಳಗಿನ ಮಣ್ಣನ್ನಲ್ಲ. ಬೆಟ್ಟದಿಂದ ಇಳಿಯುವ, ವರ್ಷದಲ್ಲಿ ಹತ್ತು ತಿಂಗಳು ಒಣಗಿರುವ ಹಳ್ಳಗಳನ್ನು ಖಾಲಿ ಜಾಗವೆಂದು ಭಾವಿಸಿ ಮಟ್ಟ ಮಾಡಿದವರಿಗೆ ಐಪ್ಪಸಿ, ಕಾರ್ತಿಕ ತಿಂಗಳುಗಳ ಈಶಾನ್ಯ ಮಳೆ ತನ್ನ ಹಳೆಯ ದಾರಿಯನ್ನು ನೆನಪಿಸುತ್ತದೆ.

ದಾರಿಗಳು ನೀರಿಗೆ ಮಾತ್ರವಲ್ಲ. 2023ರ ಮೇ 27ರಂದು ‘ಅರಿಕೊಂಬನ್’ ಎಂಬ ಆನೆ ಕಂಬಂ ಪಟ್ಟಣದ ಬೀದಿಗಳಲ್ಲಿ ಓಡಾಡಿತು. ಗಾಯಗೊಂಡ ಒಬ್ಬರು ಆಮೇಲೆ ತೀರಿಕೊಂಡರು. ಜೂನ್ 5ರಂದು ಆನೆಯನ್ನು ಹಿಡಿದು ದಕ್ಷಿಣದ ಕಾಡಿಗೆ ಸಾಗಿಸಲಾಯಿತು. ಅದಕ್ಕೆ ಆ ಹೆಸರು ಬಂದದ್ದು ಕೇರಳದ ಚಿನ್ನಕ್ಕನಾಲಿನ ಮನೆ, ಪಡಿತರ ಅಂಗಡಿಗಳನ್ನು ಅಕ್ಕಿಗಾಗಿ ಒಡೆದುದರಿಂದ. ಪರಿಸರ ಸ್ನೇಹಿ ವಿನ್ಯಾಸದ ಹೊತ್ತಗೆಗಳಲ್ಲಿ ಸೌರಫಲಕದ ಕೋನಕ್ಕೆ ಪುಟಗಳಿವೆ, ಅಕ್ಕಿಯ ಚೀಲ ಎಲ್ಲಿಡಬೇಕೆಂಬುದಕ್ಕೆ ಸಾಲಿಲ್ಲ. ಹೊರಗೋಡೆಗೆ ತಾಗಿದ ಉಗ್ರಾಣದ ಬದಲು ನಡುಮನೆಯ ಕಣಜ, ಕಾಡಿನ ಕಡೆಗೆ ಹರಡದ ದೀಪ, ಅಂಗಳದ ಅಂಚಿಗೆ ಬಾಳೆ, ಹಲಸು ನೆಡದಿರುವ ಎಚ್ಚರ - ಇವು ಅಲಂಕಾರದ ಮಾತಲ್ಲ. ಬೇಲಿಯ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ವಾರಾಂತ್ಯಕ್ಕೆ ಮಾತ್ರ ತೆರೆಯುವ ಮನೆಗೆ ಸುತ್ತುಗೋಡೆಯೇ ಕಾವಲುಗಾರ. ವರ್ಷವಿಡೀ ಜನವಿರುವ ಮನೆಗೆ ಅಷ್ಟು ಗೋಡೆ ಬೇಕಾಗದು.

ಇನ್ನುಳಿದದ್ದು ದನ. ತೇನಿಯ ಬೆಟ್ಟದ ದನಗಳು, ತಮಿಳಿನಲ್ಲಿ ‘ಮಲೈ ಮಾಡು’, ಹಾಲಿಗಿಂತ ಗೊಬ್ಬರಕ್ಕಾಗಿ ಸಾಕಲ್ಪಡುವವು. ಕಾಡಿನಲ್ಲಿ ಮೇದು, ಕೊಯ್ಲಾದ ಗದ್ದೆಗಳಲ್ಲಿ ತಂಗಿ ನೆಲಕ್ಕೆ ಸಾರ ಕೊಡುವವು. 2022ರ ಮಾರ್ಚ್‌ನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಮೊದಲು ರಾಜ್ಯದ ಎಲ್ಲ ಅರಣ್ಯಗಳಲ್ಲಿಯೂ, ಕೆಲವೇ ದಿನಗಳಲ್ಲಿ ತಿದ್ದಿಕೊಂಡು ರಾಷ್ಟ್ರೀಯ ಉದ್ಯಾನ, ವನ್ಯಜೀವಿ ಧಾಮ, ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಮಾತ್ರ, ಮೇಯಿಸುವುದನ್ನು ನಿಷೇಧಿಸಿತು. ಅಲೆಮಾರಿ ಮೇವಿನ ಹಕ್ಕನ್ನೂ ಗುರುತಿಸಿದ 2006ರ ಅರಣ್ಯ ಹಕ್ಕು ಕಾಯಿದೆ ಒಂದು ಕಡೆ, ಹುಲಿಯ ನೆಲೆ ಇನ್ನೊಂದು ಕಡೆ. ಯಾವುದು ಹೆಚ್ಚೆಂಬ ವಾದ ಬೇರೆಯದು. ಮನೆಯ ದೃಷ್ಟಿಯಿಂದ ಕಾಣುವುದಿಷ್ಟು: ಕಾಡಿಗೆ ಹೋಗುವ ದನಕ್ಕೆ ಊರಿನಲ್ಲಿ ದೊಡ್ಡ ಕೊಟ್ಟಿಗೆ ಬೇಕಿರಲಿಲ್ಲ, ಕಾಡು ಮುಚ್ಚಿದರೆ ಬೇಕಾಗುತ್ತದೆ, ಜೊತೆಗೆ ಮೇವಿನ ಬಣವೆ, ನೀರಿನ ತೊಟ್ಟಿ, ತಿಪ್ಪೆ. ಅದೇ ಬೆಟ್ಟದ ಅಂಚಿನ ಪರವಾನಗಿಯ ನಕ್ಷೆಯಲ್ಲಿ ಕಾರು ನಿಲ್ಲಿಸಲು ಅಳತೆ ಗೊತ್ತುಮಾಡಿದೆ, ಹೋರಿ ಕಟ್ಟಲು ಗೊತ್ತುಮಾಡಿಲ್ಲ. ಹೀಗೆ ಭೂದೃಶ್ಯವನ್ನು ರೂಪಿಸಿದವರು ಅದರ ರಕ್ಷಣೆಯ ಹೆಸರಿನಲ್ಲಿ ಕದಲುತ್ತಾರೆ; ಅದನ್ನು ನೋಡಲು ಬಂದವರು ಅದೇ ಹೆಸರಿನಲ್ಲಿ ನೆಲೆಯೂರುತ್ತಾರೆ.

ಕಂಬಂನ ನಂದಗೋಪಾಲಸ್ವಾಮಿ ಗುಡಿಯನ್ನು ಈ ಹಿನ್ನೆಲೆಯಲ್ಲಿ ಒಂದು ಕಟ್ಟಡವಾಗಿ ನೋಡಬೇಕು. ಊರ ಜನ ಅದನ್ನು ‘ತಂಬಿರಾನ್ ಮಾಟ್ಟು ತೊಳು’, ಎಂದರೆ ದೇವರ ದನಗಳ ದೊಡ್ಡಿ, ಎಂದೇ ಕರೆಯುತ್ತಾರೆ. ಕನ್ನಡ ಮಾತಿನ ಒಕ್ಕಲಿಗರು ನಡೆಸಿಕೊಂಡು ಬಂದಿರುವ ಈ ದೊಡ್ಡಿಗೆ ಮಾಟ್ಟುಪ್ಪೊಂಗಲಿನಂದು ಸುತ್ತಲಿನ ಹಳ್ಳಿಗಳವರು ಮೇವು ಹೊತ್ತು ಬರುತ್ತಾರೆ. ಇಲ್ಲಿ ಗುಡಿಯ ಪಕ್ಕ ದೊಡ್ಡಿ ಇರುವುದಲ್ಲ, ದೊಡ್ಡಿಯೇ ಗುಡಿ. ಪಟ್ಟಣ ಸುತ್ತಲೂ ಬೆಳೆದರೂ ನಡುವೆ ಬಯಲೊಂದು ಉಳಿದದ್ದು ಯಾವ ಪ್ರಾಧಿಕಾರದ ಆಜ್ಞೆಯಿಂದಲೂ ಅಲ್ಲ. ಹೊಸ ಮನೆಯ ವಿನ್ಯಾಸಕಾರ ಇದರ ಕಮಾನುಗಳನ್ನೋ ಬಣ್ಣವನ್ನೋ ಎರವಲು ಪಡೆಯಬೇಕಾಗಿಲ್ಲ. ಮಧ್ಯೆ ಬಿಟ್ಟ ಖಾಲಿ ಜಾಗ ಯಾರದು, ಯಾತಕ್ಕೆ ಎಂದು ಮೊದಲು ತೀರ್ಮಾನಿಸಿ ಆಮೇಲೆ ಗೋಡೆ ಎಬ್ಬಿಸುವ ಕ್ರಮವನ್ನು ಕಲಿತರೆ ಸಾಕು.

ಈ ಖಾಲಿ ಜಾಗಕ್ಕೂ ಭಾಷೆಗೂ ಇರುವ ನಂಟನ್ನು ಕಟ್ಟಡ ಸಂಹಿತೆಗಳಿಂದ ನಿರೀಕ್ಷಿಸಲಾಗದು. ಭಾಷಾ ಅಧ್ಯಯನವಾದರೂ ಗಮನಿಸಬೇಕು. ಕಣಿವೆಯ ಕನ್ನಡಕ್ಕೆ ಶಾಲೆಯಿಲ್ಲ, ಲಿಪಿಯ ಬಳಕೆಯಿಲ್ಲ. ಓದು, ವ್ಯವಹಾರ, ಸಿನಿಮಾ ಎಲ್ಲವೂ ತಮಿಳಿನಲ್ಲಿ. ‘ಮನೆಮಾತು’ ಎಂಬ ಪದ ಬೇರೆಡೆ ರೂಪಕವಾದರೆ ಇಲ್ಲಿ ಅಕ್ಷರಶಃ ಸತ್ಯ. ಆ ಮಾತು ನಡೆಯುವುದು ಮನೆಯ ಯಾವ ಭಾಗದಲ್ಲಿ? ದೂರದರ್ಶನವಿರುವ ಹಾಲಿನಲ್ಲಿ ತಮಿಳು ತಾನೇ ತಾನಾಗಿರುತ್ತದೆ. ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಮೊಮ್ಮಕ್ಕಳನ್ನು ಗದರಿಸುವ ಜಗಲಿ, ಸಂಜೆ ದನ ಕಟ್ಟುವಾಗ ದನವನ್ನು ಕೂಗುವ ಕೊಟ್ಟಿಗೆ, ನೆರೆಯವರೊಡನೆ ಮಾತು ಹಂಚಿಕೊಳ್ಳುವ ಓಣಿಯ ಬಾಗಿಲು - ಬರಹವಿಲ್ಲದ ಭಾಷೆಗೆ ನೆಲೆ ಇಂಥ ಜಾಗಗಳೇ. ಎರಡು ಮಲಗುಕೋಣೆ, ಒಂದು ಹಾಲು, ಸುತ್ತಲೂ ಗೋಡೆ ಎಂಬ ನಕ್ಷೆ ಈ ಮೂರನ್ನೂ ಅಳಿಸಿಹಾಕುತ್ತದೆ. ಹೊರಗಿನವರ ವಿಲ್ಲಾದಲ್ಲಿ ಮಾತ್ರವಲ್ಲ, ಸಮುದಾಯದವರೇ ಗೃಹಸಾಲ ಪಡೆದು ಕಟ್ಟಿಸುವ ಮನೆಯಲ್ಲಿಯೂ ಇದೇ ನಕ್ಷೆ ಬರುತ್ತಿರುವುದು ಹೆಚ್ಚು ಕಳವಳದ ವಿಷಯ. ತಿಣ್ಣೆ, ಜಗಲಿಗಳನ್ನು ಬ್ಯಾಂಕಿನ ಮೌಲ್ಯಮಾಪಕ ಚದರಡಿಯಲ್ಲಿ ಎಣಿಸುವುದಿಲ್ಲವೆಂದು ಮೇಸ್ತ್ರಿ ಅವುಗಳನ್ನು ಮೊದಲು ಕೈಬಿಡುತ್ತಾನೆ, ಮನೆಯವರು ಒಪ್ಪುತ್ತಾರೆ, ಆರು ಅಡಿ ಅಗಲದ ಆ ಜಾಗ ಕಾರಿಗೆ ಸೇರುತ್ತದೆ.